ಗೆರೆ ನೆಟ್ಟಗಾಗುವವರೆಗೆ

ಜಯನಗರದಲ್ಲಿ ಪಕ್ಕದ ಮನೆಯವರ ತೆಂಗಿನ ಮರ ನಮ್ಮ ಕಾಂಪೌಂಡಿನತ್ತ ವಾಲಿದ್ದರೆ ಕಾಯಿ ಅವರದು, ಗರಿ ನಮ್ಮದು. ಎಲ್ಲ ಬ್ಲಾಕುಗಳಲ್ಲೂ ನಡೆದುಬಂದ ಒಪ್ಪಂದ ಇದು. ಈ ಸಲದ ಏಪ್ರಿಲ್‌ನಲ್ಲಿ ಅದು ಮುರಿಯಿತು. ಸಂಜೆ ಐದರ ಹೊತ್ತಿಗೆ ಎದ್ದ ಮಳೆಗಾಳಿಗೆ ಮುಷ್ಟಿ ಗಾತ್ರದ ಒಂದು ಎಳೆಗಾಯಿ ಕಳಚಿಕೊಂಡು, ಗೇಟಿನ ಪಕ್ಕ ನಿಲ್ಲಿಸಿದ್ದ ನನ್ನ ಸ್ಪ್ಲೆಂಡರಿನ ಪೆಟ್ರೋಲ್ ಟ್ಯಾಂಕಿನ ಎಡಭುಜಕ್ಕೆ ಬಡಿದು, ಪುಟಿದು, ಮೋರಿಗೆ ಉರುಳಿತು. ಬಣ್ಣ ಒಂದು ಚೂರೂ ಎದ್ದಿರಲಿಲ್ಲ. ಅಂಗೈಯಿಟ್ಟರೆ ಮಾತ್ರ ಅಲ್ಲೊಂದು ಚಿಕ್ಕ ಬಟ್ಟಲು.

‘ಟ್ಯಾಂಕು ನೆಗ್ಗಿದೆಯಲ್ಲೋ’ ಅಂದರು ಅಮ್ಮ. ಗ್ಯಾರೇಜಿನವರಿಗೆ ಡೆಂಟು, ಮನೆಯವರಿಗೆ ನೆಗ್ಗು. ಕೊಡಪಾನ ನೆಗ್ಗುತ್ತದೆ, ಚೊಂಬು ನೆಗ್ಗುತ್ತದೆ, ಕುಕ್ಕರಿನ ಮುಚ್ಚಳ ನೆಗ್ಗಿದರೆ ಸೀಟಿ ಹೊಡೆಯುವುದಿಲ್ಲ. ಆ ಸಾಲಿನಲ್ಲಿ ನನ್ನ ಟ್ಯಾಂಕೂ ಸೇರಿತು.

ಗಾಡಿ 2002ರದ್ದು, ಕೆಎ–05. ಹದಿನೈದು ವರ್ಷ ಮುಗಿದ ಮೇಲೆ ಎರಡು ಸಲ ಎಫ್‌ಸಿ ಮಾಡಿಸಿದ್ದೇನೆ. ಇನ್ಶೂರೆನ್ಸ್ ಬರೀ ಥರ್ಡ್ ಪಾರ್ಟಿ, ತೆಂಗಿನಕಾಯಿಗೆ ಅದರಲ್ಲಿ ಜಾಗವಿಲ್ಲ. ಮಾರಲು ಹೋದರೆ ಯಾರೂ ದೊಡ್ಡ ಮೊತ್ತ ಹೇಳುವುದಿಲ್ಲ. ಇಂಥ ಗಾಡಿಯ ಟ್ಯಾಂಕಿನ ನೆಗ್ಗಿಗೆ ಇಷ್ಟು ತಲೆಕೆಡಿಸಿಕೊಳ್ಳುವುದೇಕೆ ಎಂದು ಮನೆಯಲ್ಲೂ ಕೇಳಿದರು. ಕಾರಣ ಟ್ಯಾಂಕಿನ ಪಕ್ಕದಲ್ಲೇ ಬರೆದಿತ್ತು: ಹೀರೋ ಹೋಂಡಾ. 1984ರಲ್ಲಿ ಕೂಡಿದ ಆ ಎರಡು ಕಂಪನಿಗಳು 2010ರ ಕೊನೆಯಲ್ಲಿ ಬೇರೆಯಾಗುವ ತೀರ್ಮಾನಕ್ಕೆ ಬಂದವು, ಮರುವರ್ಷ ಹೆಸರು ಹೀರೋ ಮೋಟೋಕಾರ್ಪ್ ಆಯಿತು. ಜೆ.ಸಿ. ರಸ್ತೆಯಲ್ಲಿ ಕೇಳಿದರೆ ಹಳೇ ಸ್ಟಿಕ್ಕರಿನ ನಕಲು ಸಿಗುತ್ತದೆ, ನಿಜ. ಆದರೆ ಪಟ್ಟೆಯ ಬಣ್ಣ ಒಂದು ಸುತ್ತು ಜಾಸ್ತಿ ಕೆಂಪು. ಇಪ್ಪತ್ತು ಚಿಲ್ಲರೆ ವರ್ಷ ಬಿಸಿಲು ಕುಡಿದ ಕರಿ ಬಣ್ಣದ ಪಕ್ಕದಲ್ಲಿ ಅದು ಬಾಡಿಗೆಗೆ ತಂದ ಕೋಟಿನ ಹಾಗೆ ಕಾಣುತ್ತದೆ.

ಮೊದಲು ಹೋದದ್ದು ಗುರಪ್ಪನಪಾಳ್ಯಕ್ಕೆ. ತಿಲಕನಗರ ದಾಟಿ ಬನ್ನೇರುಘಟ್ಟ ರಸ್ತೆಯ ಕಡೆ ಇಳಿದರೆ ಟಿಂಕರಿಂಗ್ ಸದ್ದು ಕಿವಿಗೆ ಬೀಳುತ್ತದೆ. ಇಲ್ಲಿ ಒಂದು ಅಂಗಡಿಯ ಸಾಮಾನು ಇನ್ನೊಂದರ ಮುಂದೆ ಹರಡಿರುತ್ತದೆ. ಫುಟ್‌ಪಾತಿನ ಮೇಲೆ ಮಡ್‌ಗಾರ್ಡುಗಳು, ಗೋಡೆಯ ಮೊಳೆಗೆ ನೇತುಹಾಕಿದ ಸೈಲೆನ್ಸರುಗಳು, ಗ್ಯಾಸ್ ಸಿಲಿಂಡರಿನ ಪಕ್ಕದಲ್ಲಿ ಟೀ ಲೋಟ. ಮೇಸ್ತ್ರಿಗೆ ಅರವತ್ತು ದಾಟಿರಬೇಕು. ಟ್ಯಾಂಕನ್ನು ಹೆಬ್ಬೆರಳಿನ ಉಗುರಿನಿಂದ ತಟ್ಟಿ, ‘ಏನೂ ಇಲ್ಲ ಸಾರ್, ನಾಳೆ ಸಾಯಂಕಾಲ ಕೊಡ್ತೀನಿ’ ಅಂದರು.

ಹೇಗೆ ಅಂದೆ. ಬಣ್ಣ ಉಜ್ಜಿ ತೆಗೆಯುವುದು, ನೆಗ್ಗಿನ ನಡುವೆ ಒಂದು ವಾಷರ್ ಅಂಟಿಸಿ ವೆಲ್ಡ್ ಮಾಡುವುದು, ಕೊಕ್ಕೆ ಹಾಕಿ ಎಳೆಯುವುದು, ವಾಷರ್ ಕಿತ್ತು ಗ್ರೈಂಡ್ ಮಾಡುವುದು, ಉಳಿದ ತಗ್ಗಿಗೆ ಪಟ್ಟಿ ಮೆತ್ತಿ ಉಜ್ಜುವುದು, ಪ್ರೈಮರ್, ಪೇಂಟು, ಸ್ಟಿಕ್ಕರು, ಲ್ಯಾಕರ್. ಕಾರಿನ ಬಾಗಿಲಾದರೆ ಒಳಗೆ ಡಾಲಿ ಹಿಡಿದು ಹೊರಗಿನಿಂದ ಸುತ್ತಿಗೆ ಹೊಡೆಯಬಹುದು. ಟ್ಯಾಂಕು ಮುಚ್ಚಿದ ಡಬ್ಬ, ಒಳಗೆ ಕೈ ಹೋಗದು. ದೊಡ್ಡ ಪೆಟ್ಟಾದರೆ ತಳ ಕೊಯ್ದು, ಒಳಗಿನಿಂದ ಬಡಿದು, ಮತ್ತೆ ಬೆಸುಗೆ ಹಾಕುತ್ತಾರಂತೆ. ಬೆಂಕಿ ತಾಗಿಸುವ ಮುಂಚೆ ಟ್ಯಾಂಕಿನ ತುಂಬ ನೀರು ತುಂಬಿಸಿ ಎರಡು ದಿನ ಇಡುವುದನ್ನು ಅವರು ವಿವರಿಸಿದ್ದು, ಅಡುಗೆಗೆ ಕಡಲೆ ನೆನೆಹಾಕುವುದನ್ನು ಹೇಳಿದಷ್ಟು ಸಲೀಸಾಗಿ.

‘ಬಣ್ಣ ಹೋಗಬಾರದು, ಸ್ಟಿಕ್ಕರೂ ಹೋಗಬಾರದು’ ಅಂದೆ.

ಅವರು ನನ್ನನ್ನೊಮ್ಮೆ, ಗಾಡಿಯನ್ನೊಮ್ಮೆ ನೋಡಿದರು. ‘ಸ್ಪ್ಲೆಂಡರ್‌ಗಾ?’ ಆಮೇಲೆ ನಕ್ಕು, ‘ಅದು ನನ್ನ ಕೈಲಾಗಲ್ಲ ಸಾರ್. ಜೆಪಿ ನಗರದಲ್ಲಿ ಕಾರಿಗೆ ಮಾಡೋ ಹುಡುಗ್ರಿದ್ದಾರೆ, ಕಡ್ಡಿ ಹಾಕಿ ಎಬ್ಬಿಸ್ತಾರೆ. ಟ್ಯಾಂಕ್ ಮಾಡೋರು ಕಮ್ಮಿ. ಕೇಳಿ ನೋಡಿ’ ಅಂದರು. ಬಂದ ಗಿರಾಕಿಯನ್ನು ಹೀಗೆ ಇನ್ನೊಬ್ಬರ ಹತ್ತಿರ ಕಳಿಸುವ ಮೇಸ್ತ್ರಿಗಳು ಈ ಊರಿನಲ್ಲಿ ಇನ್ನೂ ಇದ್ದಾರೆ.

ಕಡ್ಡಿ ಹಾಕಿ ಎಬ್ಬಿಸುವ ಈ ಕೆಲಸಕ್ಕೆ ಪೇಂಟ್‌ಲೆಸ್ ಡೆಂಟ್ ರಿಪೇರಿ ಎಂದು ಹೆಸರು, ಬಾಯಲ್ಲಿ ಪಿಡಿಆರ್. ಹುಟ್ಟಿನ ಬಗ್ಗೆ ಈ ಕಸುಬಿನವರು ಹೇಳಿಕೊಳ್ಳುವ ಕತೆಯೊಂದಿದೆ. 1960ರ ಸುಮಾರಿಗೆ ನ್ಯೂಯಾರ್ಕಿನ ಒಂದು ವಾಹನ ಪ್ರದರ್ಶನದಲ್ಲಿ, ಜನ ಮುಟ್ಟಿ ತಟ್ಟಿ ಮಾಡಿದ ಸಣ್ಣ ನೆಗ್ಗುಗಳಿಗೆ ಬಣ್ಣ ಬಳಿಯಲು ಬಂದಿದ್ದ ಮರ್ಸಿಡಿಸ್ ಕಂಪನಿಯ ಓಸ್ಕರ್ ಫ್ಲೈಗ್ ಎಂಬಾತ, ಸುತ್ತಿಗೆಯ ಹಿಡಿಯಿಂದ ಒಳಗಿನಿಂದ ಒತ್ತಿ ನೋಡಿದನಂತೆ, ಬಣ್ಣವೇ ಬೇಕಾಗಲಿಲ್ಲವಂತೆ. ಯುರೋಪು, ಅಮೆರಿಕಗಳಲ್ಲಿ ಈ ಕಸುಬಿಗೆ ಅನ್ನ ಹಾಕುವುದು ಆಲಿಕಲ್ಲು ಮಳೆ. ಒಂದೇ ಮಳೆಗೆ ನೂರಾರು ಕಾರುಗಳ ನೆತ್ತಿ ಸಿಡುಬು ಬಂದಂತಾಗುತ್ತದೆ. ಬೆಂಗಳೂರಿನಲ್ಲೂ ಬೇಸಗೆಯ ಮಳೆಗೆ ಆಲಿಕಲ್ಲು ಬೀಳುತ್ತದೆ, ಮಕ್ಕಳು ಆರಿಸಿ ಬಾಯಿಗೆ ಹಾಕಿಕೊಳ್ಳುವಷ್ಟು. ಇಲ್ಲಿನ ನೆಗ್ಗಿಗೆ ಬೇರೆ ಕಾರಣಗಳಿವೆ.

ಜೆಪಿ ನಗರದಲ್ಲಿ ನಾನು ಹುಡುಕಿಕೊಂಡು ಹೋದ ಜಾಗ ಕಾರುಗಳಿಗೆ ಪಾಲಿಶ್ ಮಾಡುವ ಒಂದು ಅಂಗಡಿಯ ಹಿಂದಿನ ಶೀಟಿನ ಶೆಡ್ಡು. ಮುಂದೆ ಎಲ್ಲ ಗಾಜು, ಎಸಿ, ಕಾಫಿ ಮೆಷಿನ್. ಹಿಂದೆ ಗೋಡೆಯುದ್ದಕ್ಕೂ ಮೊಳೆಗಳಿಗೆ ತೂಗುಹಾಕಿದ ಉಕ್ಕಿನ ಕಡ್ಡಿಗಳು. ಎಣಿಸಿದೆ, ನಲವತ್ತಾರು. ಕೆಲವು ಹೆಣಿಗೆ ಸೂಜಿಯಷ್ಟು ಸಣ್ಣ, ಕೆಲವು ಬೆರಳು ದಪ್ಪ, ಒಂದೊಂದರ ಮೂತಿ ಒಂದೊಂದು ಥರ: ಕೊಕ್ಕರೆಯ ಕೊಕ್ಕು, ತಿಮಿಂಗಿಲದ ಬಾಲ, ಗುಂಡು ತಲೆ. ಕೆಲಸ ಮಾಡುವಾತನಿಗೆ ಮೂವತ್ತೈದು ಇರಬಹುದು. ಕನಕಪುರ ಕಡೆಯ ಮಾತು. ಕಾರಿನ ಶೋರೂಮಿನಲ್ಲಿ ತೊಳೆಯುವ ಕೆಲಸಕ್ಕೆ ಸೇರಿ, ಅಲ್ಲಿಗೆ ಬರುತ್ತಿದ್ದ ಒಬ್ಬರ ಕೈ ನೋಡಿ ಕಲಿತದ್ದು. ಗುಜರಿಯಿಂದ ತಂದ ಒಂದು ಬಾನೆಟ್ಟಿಗೆ ತಾನೇ ನೆಗ್ಗು ಮಾಡುವುದು, ತಾನೇ ತೆಗೆಯುವುದು. ‘ಮೂರು ತಿಂಗ್ಳು ಅದೊಂದೇ ಬಾನೆಟ್ಟು ಸಾರ್. ಕೊನೆಗೆ ತಗಡು ಹಪ್ಪಳ ಆಗೋಯ್ತು.’

ಗಾಡಿ ನೋಡಿದವನೇ ಮೊದಲು ಕೇಳಿದ್ದು, ‘ಯಾವತ್ತಾದ್ರೂ ಪೇಂಟ್ ಆಗಿದ್ಯಾ?’ ಇಲ್ಲ ಅಂದೆ. ನನ್ನ ಮಾತು ಕೇಳಿಸಿಕೊಂಡ, ನಂಬಲಿಲ್ಲ. ಜೇಬಿನಿಂದ ಕಾಗದ ಸುತ್ತಿದ ಒಂದು ಅಯಸ್ಕಾಂತ ತೆಗೆದು ಟ್ಯಾಂಕಿನ ಮೈಮೇಲೆಲ್ಲ ಓಡಿಸಿದ. ಕಾರ್ಖಾನೆಯ ಬಣ್ಣ ತೆಳು, ಒಂದು ಮಿಲಿಮೀಟರಿನ ಹತ್ತರಲ್ಲೊಂದು ಪಾಲಿನ ಆಸುಪಾಸು. ಪಟ್ಟಿ ಮೆತ್ತಿದ ಕಡೆ ಅದರ ಹತ್ತಿಪ್ಪತ್ತು ಪಟ್ಟು ದಪ್ಪ, ಅಲ್ಲಿ ಅಯಸ್ಕಾಂತದ ಹಿಡಿತ ಸಡಿಲ. ಎಲ್ಲೂ ಜಾರಲಿಲ್ಲ. ಆಗ ಅವನ ಮುಖ ಅರಳಿತು. ‘ಒರಿಜಿನಲ್ ಪೇಂಟು. ಬರುತ್ತೆ ಸಾರ್. ಆದ್ರೆ ಟ್ಯಾಂಕ್ ಖಾಲಿ ಮಾಡ್ಕೊಂಡು ಬರ್ಬೇಕು. ಬರೀ ಖಾಲಿ ಅಲ್ಲ, ಒಣಗಿರ್ಬೇಕು.’

ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕು ಅಪಾಯ ಎನ್ನುವುದು ತಲೆಗೆ ಹೋಗಲು ಸ್ವಲ್ಪ ಹೊತ್ತು ಬೇಕು. ಹತ್ತಿಕೊಳ್ಳುವುದು ದ್ರವವಲ್ಲ, ಆವಿ. ಗಾಳಿಯಲ್ಲಿ ಪೆಟ್ರೋಲಿನ ಆವಿ ನೂರಕ್ಕೆ ಸುಮಾರು ಒಂದೂವರೆಯಿಂದ ಏಳೂವರೆ ಪಾಲು ಬೆರೆತಿದ್ದರೆ ಒಂದು ಕಿಡಿ ಸಾಕು. ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಜಾಗವಿಲ್ಲ. ಬರಿದಾದ ಟ್ಯಾಂಕಿನ ತಳದಲ್ಲಿ ಗಾಳಿಗಿಂತ ಭಾರವಾದ ಆ ಆವಿ ಮಲಗಿರುತ್ತದೆ. ಹೀಗಾಗಿ ಮನೆಗೆ ಬಂದು ಟ್ಯಾಂಕು ಬಿಚ್ಚಿದೆ. ಸೀಟು ಎತ್ತಿ, ಹಿಂದಿನ ಬೋಲ್ಟು ತೆಗೆದು, ಪೈಪು ಕಿತ್ತು, ಗೇಜಿನ ವೈರು ಬಿಡಿಸಿದರೆ ಕೈಗೆ ಬರುತ್ತದೆ. ಇಡೀ ಸ್ಪ್ಲೆಂಡರ್ ಒಬ್ಬ ಸಾಮಾನ್ಯ ಮನುಷ್ಯ ಬಿಚ್ಚಲಿ ಎಂದೇ ಮಾಡಿದಂತಿದೆ. ಪೆಟ್ರೋಲನ್ನು ತಮ್ಮನ ಸ್ಕೂಟರಿಗೆ ದಾನ ಮಾಡಿದೆ. ಎರಡು ಸಲ ಸೋಪಿನ ನೀರಲ್ಲಿ ಕುಲುಕಿ, ಬೋರಲು ಹಾಕಿ ಬಿಸಿಲಿಗಿಟ್ಟೆ. ಮಾರನೆಯ ದಿನ ಟ್ಯಾಂಕನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ಆಟೋದಲ್ಲಿ ಕೂತಾಗ ಡ್ರೈವರು ‘ತಂಬೂರಿನಾ ಸಾರ್?’ ಅಂದ.

ಶೆಡ್ಡಿನಲ್ಲಿ ಟ್ಯಾಂಕಿನ ಬಾಯಿಗೆ ಮೂಗು ಹಚ್ಚಿ ಮೂಸಿದವ, ‘ಇನ್ನೂ ವಾಸ್ನೆ ಇದೆ’ ಎಂದು ಬ್ಲೋಯರಿನ ಪೈಪು ಒಳಗಿಟ್ಟು ತಣ್ಣನೆ ಗಾಳಿ ಬಿಟ್ಟ. ‘ಮಧ್ಯಾಹ್ನದವರ್ಗೂ ಓಡ್ಲಿ. ಬಿಟಿಎಂನಲ್ಲಿ ಎರಡು ಕೆಲ್ಸ ಇದೆ, ಬನ್ನಿ ಹೋಗ್ಬರೋಣ.’

ಬಿಟಿಎಂ ಎಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ. ಈಗ ಆ ಮೂರೂ ಊರುಗಳಿಗಿಂತ ಪಿಜಿಗಳೇ ಜಾಸ್ತಿ. ನಾವು ಹೋದದ್ದೂ ಅಂಥದ್ದೇ ಒಂದು ಐದಂತಸ್ತಿನ ಪಿಜಿಗೆ. ನೆಲಮಹಡಿಯಲ್ಲಿ ಬೈಕುಗಳನ್ನು ಪುಸ್ತಕ ಜೋಡಿಸಿದ ಹಾಗೆ ನಿಲ್ಲಿಸಿದ್ದರು. ಒಂದು ವಾಲಿದರೆ ಸಾಲೆಲ್ಲ ವಾಲುತ್ತದೆ, ಒಂದರ ಹ್ಯಾಂಡಲ್ ಇನ್ನೊಂದರ ಟ್ಯಾಂಕಿಗೆ. ‘ನನ್ನ ಅರ್ಧ ಬಿಸಿನೆಸ್ಸು ಈ ಪಾರ್ಕಿಂಗ್ ಸಾರ್. ಇನ್ನರ್ಧ ಆಯುಧಪೂಜೆ. ಕುಂಬಳಕಾಯಿ ಒಡೆಯೋಕೆ ಒಂದು ವಾರ ಇದೆ ಅನ್ನೋವಾಗ ಎಲ್ರಿಗೂ ಡೆಂಟು ಕಾಣುತ್ತೆ.’

ಮೊದಲನೆಯದು ಎರಡು ವರ್ಷ ಹಳೆಯ ರಾಯಲ್ ಎನ್‌ಫೀಲ್ಡ್. ಪಕ್ಕೆಯಲ್ಲಿ ಎರಡು ರೂಪಾಯಿ ನಾಣ್ಯದಗಲ ತಗ್ಗು. ಕಡ್ಡಿ ತಲುಪದ ಜಾಗ, ಹಾಗಾಗಿ ಹೊರಗಿನಿಂದಲೇ ಎಳೆಯಬೇಕು. ಅಣಬೆಯಾಕಾರದ ಒಂದು ಪ್ಲಾಸ್ಟಿಕ್ ಟ್ಯಾಬಿನ ತಲೆಗೆ ಬಿಸಿ ಗೋಂದು ಹಚ್ಚಿ, ತಗ್ಗಿನ ನಡುವೆ ನಿಲ್ಲಿಸಿದ. ಗೋಂದು ಆರಿದ ಮೇಲೆ ಎರಡು ಕಾಲಿನ ಒಂದು ಎತ್ತುಗವನ್ನು ಅದಕ್ಕೆ ಸಿಕ್ಕಿಸಿ ಹಿಡಿ ಅದುಮಿದ. ಟಕ್ ಎಂದು ಟ್ಯಾಬು ಕೈಗೆ ಬಂತು. ಸ್ಪಿರಿಟ್ ಸಿಂಪಡಿಸಿದರೆ ಉಳಿದ ಗೋಂದು ಸಿಪ್ಪೆಯಂತೆ ಎದ್ದಿತು. ತಗ್ಗು ಅರ್ಧ ಮೇಲೆ ಬಂದಿತ್ತು. ಹೀಗೆ ಏಳು ಸಲ. ಮಾಲೀಕ ಹುಡುಗ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಮೀಟಿಂಗಿನಲ್ಲಿದ್ದವ, ಪ್ರತಿ ಟಕ್ಕಿಗೂ ಮ್ಯೂಟ್ ಮಾಡುತ್ತಿದ್ದ.

ಎರಡನೆಯ ಬೈಕು ಹೊಳೆಯುವ ನೀಲಿ. ಅಯಸ್ಕಾಂತ ಒಂದು ಕಡೆ ಜಾರಿತು. ಮತ್ತೊಮ್ಮೆ ಇಟ್ಟ, ಮತ್ತೆ ಜಾರಿತು. ‘ಸೆಕೆಂಡ್ ಹ್ಯಾಂಡಾ ಬಾಸ್? ಕೊಟ್ಟವ್ರು ಪಟ್ಟಿ ಹಾಕ್ಸಿದ್ದಾರೆ. ಇದು ಬೇಡ.’ ಹುಡುಗ ಒಪ್ಪಲಿಲ್ಲ, ಎಷ್ಟಾದರೂ ಕೊಡುತ್ತೇನೆ ಅಂದ. ಇವನು ಪೆಟ್ಟಿಗೆ ಮುಚ್ಚಿದ. ವಾಪಸು ಬರುವಾಗ ಹೇಳಿದ: ಕಲಿತ ಹೊಸದರಲ್ಲಿ ಇಂಥದೇ ಒಂದು ಟ್ಯಾಂಕಿಗೆ ಗೋಂದು ಹಚ್ಚಿ ಎಳೆದಾಗ ಬಣ್ಣ, ಪ್ರೈಮರ್, ಪಟ್ಟಿ ಎಲ್ಲ ಸೇರಿ ಅಂಗೈಯಗಲ ಒಂದು ಹೋಳು ಟ್ಯಾಬಿನ ಜೊತೆಯೇ ಎದ್ದು ಬಂತಂತೆ. ಒಂದು ತಿಂಗಳ ಸಂಪಾದನೆ ಪೇಂಟಿನವನಿಗೆ ಹೋಯಿತು. ಆ ಹೋಳನ್ನು ಶೆಡ್ಡಿನಲ್ಲಿ ಇಟ್ಟುಕೊಂಡಿದ್ದಾನೆ, ಆಮೇಲೆ ತೋರಿಸಿದ.

ರಿಂಗ್ ರಸ್ತೆ ಹಿಡಿದು ಬನಶಂಕರಿಗೆ ಹೋದದ್ದು ಲೆಕ್ಕದಲ್ಲಿರಲಿಲ್ಲ. ಎರಡನೇ ಸ್ಟೇಜಿನಲ್ಲಿ ಹಳೇ ಬೈಕುಗಳನ್ನು ಹೊಸದು ಮಾಡುವ ಅವನ ಸ್ನೇಹಿತರೊಬ್ಬರು ಯೆಜ್ದಿ ಟ್ಯಾಂಕು ನೋಡಲು ಕರೆದಿದ್ದರು. ಅವತ್ತು ಶುಕ್ರವಾರ, ರಾಹುಕಾಲ ಕಳೆದು ಬಹಳ ಹೊತ್ತಾಗಿತ್ತು. ದೇವಸ್ಥಾನದ ಕಡೆಯಿಂದ ಬರುತ್ತಿದ್ದವರ ಕೈಯಲ್ಲಿ ಇನ್ನೂ ನಿಂಬೆಹಣ್ಣಿನ ದೀಪದ ಎಣ್ಣೆ ಜಿಡ್ಡು. ಗ್ಯಾರೇಜೆಂದರೆ ಮನೆಯ ಕಾರ್ ಶೆಡ್ಡೇ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಗಾಡಿ ಮಾಡಿತು. ಅದು ಮುಚ್ಚಿ ಮೂರು ದಶಕವಾಗುತ್ತ ಬಂದರೂ ಅದರ ಗಾಡಿಗಳಿಗೆ ಬೆಂಗಳೂರು, ಮೈಸೂರಿನಲ್ಲಿ ಇರುವ ಮರ್ಯಾದೆ ಕೆಲವು ಮಂತ್ರಿಗಳಿಗಿಲ್ಲ.

ಟ್ಯಾಂಕು ಮೆರೂನ್ ಬಣ್ಣದ್ದು. ಎಂದೋ ಬಿದ್ದಾಗ ಹ್ಯಾಂಡಲ್ ತಿರುಗಿ ಬಡಿದು, ಮುಂಭಾಗದಲ್ಲಿ ಬೆರಳುದ್ದದ ಚೂಪು ಗೀಟು. ಕೆಳಗಿನ ಅಂಚಿಗೆ ತಾಗಿದಂತೆ, ಮೇಲ್ತಗಡು ಕೆಳತಗಡು ಕೂಡುವ ಬೆಸುಗೆಯ ಪಕ್ಕದಲ್ಲಿ. ಇವನು ಲೈಟು ಹಿಡಿದು ನೋಡಿದ, ಹತ್ತು ಸೆಕೆಂಡು ಸಾಕಾಯಿತು. ‘ಬರಲ್ಲ ಅಣ್ಣ.’

ಯಾಕೆ ಬರಲ್ಲ ಎನ್ನುವುದರಲ್ಲಿ ಈ ವಿದ್ಯೆಯ ಮುಕ್ಕಾಲು ಭಾಗವಿದೆ. ಅಗಲವಾಗಿ ಆಳವಿಲ್ಲದೆ ನೆಗ್ಗಿದ ತಗಡಿನಲ್ಲಿ ನಿಜವಾಗಿ ಬಗ್ಗಿರುವುದು ಸ್ವಲ್ಪವೇ ಜಾಗ, ಅದರ ಅಂಚಿನ ಉಬ್ಬು ಮತ್ತು ನಡುವಿನ ಬಿಂದು. ಮಿಕ್ಕದ್ದು ಅವುಗಳ ಹಿಡಿತದಲ್ಲಿ ಸಿಕ್ಕಿಕೊಂಡಿರುತ್ತದೆ, ಬಿಟ್ಟರೆ ತಾನೇ ತನ್ನ ಆಕಾರಕ್ಕೆ ಮರಳುತ್ತದೆ. ಚೂಪು ಪೆಟ್ಟಿನಲ್ಲಿ ಹಾಗಲ್ಲ, ತಗಡು ಹಿಗ್ಗಿರುತ್ತದೆ. ಹಿಗ್ಗಿದ ತಗಡು ಹೆಚ್ಚುವರಿ ತಗಡು, ಅದಕ್ಕೆ ಹೋಗಲು ಜಾಗವಿಲ್ಲ. ಒತ್ತಿದರೆ ಎಣ್ಣೆ ಡಬ್ಬದ ತಳದ ಹಾಗೆ ಟಕ್ ಎಂದು ಈಚೆ, ಬಿಟ್ಟರೆ ಟಕ್ ಎಂದು ಆಚೆ. ಮಡಿಕೆಯಾದ ಜಾಗ ಗಡುಸೂ ಆಗಿರುತ್ತದೆ, ಬಲ ಹಾಕಿದರೆ ಬಣ್ಣ ಬಿರಿಯುತ್ತದೆ. ಪಕ್ಕೆಗೆ ಕ್ರೋಮ್ ಹಾಕಿದ ಹಳೇ ಜಾವಾ ಟ್ಯಾಂಕುಗಳಲ್ಲಿ ಇನ್ನೂ ಕಷ್ಟ, ಲೇಪ ಸೀಳಿತೆಂದರೆ ಮರಳಿ ಬಾರದು.

ಯಜಮಾನರು ಬೇಸರಪಟ್ಟುಕೊಳ್ಳಲಿಲ್ಲ. ಟ್ಯಾಂಕಿನೊಳಗೆ ಟಾರ್ಚು ಬಿಟ್ಟು ತಳದ ಕೆಂಪು ತುಕ್ಕು ತೋರಿಸಿದರು. ಪೆಟ್ರೋಲಿಗೆ ಎಥೆನಾಲ್ ಬೆರೆಸುವುದು ಹೆಚ್ಚಾದ ಮೇಲೆ, ನಿಂತ ಗಾಡಿಗಳ ಟ್ಯಾಂಕು ಬೇಗ ತುಕ್ಕು ಹಿಡಿಯುತ್ತಿದೆ ಎಂದು ಅವರ ದೂರು. ಎಥೆನಾಲ್ ನೀರನ್ನು ಎಳೆದುಕೊಳ್ಳುವುದಂತೂ ನಿಜ. ಹೇಗೂ ತಳ ಕೊಯ್ಯಬೇಕಲ್ಲ, ಗುರಪ್ಪನಪಾಳ್ಯಕ್ಕೇ ಕಳಿಸುತ್ತೇನೆ ಅಂದರು. ನನಗೆ ನಗು ಬಂತು.

ಜೆಪಿ ನಗರಕ್ಕೆ ಮರಳಿದಾಗ ಮೂರು ಗಂಟೆ. ಟ್ಯಾಂಕು ಮೂಸಿದರೆ ಈಗ ಬರೀ ಸೋಪಿನ ವಾಸನೆ. ಲಾರಿಯ ಹಳೇ ಟ್ಯೂಬಿಗೆ ಅರ್ಧ ಗಾಳಿ ತುಂಬಿಸಿ ಮೇಜಿನ ಮೇಲಿಟ್ಟು, ಅದರ ನಡುವೆ ಟ್ಯಾಂಕನ್ನು ಸಿಂಬಿಯ ಮೇಲೆ ಕೊಡ ಕೂರಿಸಿದ ಹಾಗೆ ಕೂರಿಸಿದ. ಬಾಯಿಯ ಅಂಚಿಗೆ ರಬ್ಬರ್ ಸುತ್ತಿದ. ಕಡ್ಡಿ ಊರುವುದು ಅಲ್ಲೇ, ಅದು ಸೊಟ್ಟಗಾದರೆ ಮುಚ್ಚಳ ಕೂರದೆ ಮಳೆನೀರು ಒಳಗೆ ಹೋಗುತ್ತದೆ. ಆಮೇಲೆ ಶೆಡ್ಡಿನ ದೀಪ ಆರಿಸಿದ.

ಕತ್ತಲಲ್ಲಿ ಒಂದು ಹಲಗೆ ಬೆಳಗಿತು. ಅದರ ಮೇಲೆ ಅಡ್ಡಡ್ಡ ಬಿಳಿ ಗೆರೆಗಳು. ಟ್ಯಾಂಕಿನ ಕರಿ ಬಣ್ಣದಲ್ಲಿ ಆ ಗೆರೆಗಳ ನೆರಳು ಮೂಡಿ, ಭುಜದ ಇಳಿಜಾರಿನುದ್ದಕ್ಕೂ ವೀಣೆಯ ತಂತಿಯ ಹಾಗೆ ನೆಟ್ಟಗೆ ಹೋದವು, ನೆಗ್ಗಿನ ಹತ್ತಿರ ಬಂದಕೂಡಲೇ ಒಂದರ ಮೇಲೊಂದು ಬಿದ್ದು ಗಂಟು ಹಾಕಿಕೊಂಡವು. ‘ನಾನು ತಗಡು ನೋಡಲ್ಲ ಸಾರ್. ಗೆರೆ ನೋಡ್ತೀನಿ.’

ಎಡಗೈಯಲ್ಲಿ ಕಡ್ಡಿ ಆಯ್ದು, ಬಾಯಿಯ ಮೂಲಕ ಒಳಗೆ ತೂರಿಸಿದ. ಕಡ್ಡಿಯ ತುದಿ ಎಲ್ಲಿದೆ ಎಂದು ಅವನಿಗೆ ಹೇಗೆ ಗೊತ್ತಾಗಬೇಕು? ತುಂಬ ಹಗುರವಾಗಿ ಒತ್ತಿ, ಗೆರೆಗಳಲ್ಲಿ ಎಲ್ಲಾದರೂ ಮಿಸುಕಾಟವಿದೆಯೇ ಎಂದು ಹುಡುಕಿದ. ಒಂದು ಗೆರೆಯಲ್ಲಿ ಸಾಸಿವೆ ಕಾಳಿನಷ್ಟು ಚುಕ್ಕೆ ಅಲುಗಿತು, ನೆಗ್ಗಿನಿಂದ ಎರಡಂಗುಲ ಆಚೆ. ಮಣಿಕಟ್ಟು ತಿರುಗಿಸಿದ, ಚುಕ್ಕೆ ನಡೆದುಕೊಂಡು ಬಂತು. ಅಂಚಿಗೆ ತಂದು ನಿಲ್ಲಿಸಿ, ಒತ್ತಿದ. ಬಲ ಹಾಕಿದ್ದು ಕಾಣಲಿಲ್ಲ. ಭುಜ ಒಂದಿಷ್ಟು ಕೆಳಗಿಳಿಯಿತು, ಅಷ್ಟೇ. ಬಿಟ್ಟ. ಕೂದಲೆಳೆಯಷ್ಟು ಸರಿಸಿ ಮತ್ತೊಂದು. ಅಂಚಿನಿಂದ ಸುತ್ತುತ್ತ ಒಳಕ್ಕೆ, ರಂಗೋಲಿ ಹಾಕುವವರು ಚುಕ್ಕಿ ಇಡುವ ಹಾಗೆ. ನಡುನಡುವೆ ಕಡ್ಡಿ ಬಿಟ್ಟು, ತುದಿಗೆ ನೈಲಾನ್ ಇರುವ ಪೆನ್ನಿನಂಥದೊಂದನ್ನು ಅಂಚಿನ ಉಬ್ಬಿನ ಮೇಲಿಟ್ಟು ಪುಟ್ಟ ಸುತ್ತಿಗೆಯಿಂದ ತಟ್ಟುತ್ತಿದ್ದ. ಉಬ್ಬು ತಗ್ಗದೆ ತಗ್ಗು ಏಳುವುದಿಲ್ಲ.

ಒಮ್ಮೆ ಒತ್ತು ಹೆಚ್ಚಾಯಿತು. ಬಣ್ಣದ ಮೇಲೆ ಮೊಡವೆಯಂಥದೊಂದು ಚುಕ್ಕೆ ಎದ್ದು ನಿಂತಿತು. ಅವನು ನಾಲಿಗೆ ಕಚ್ಚಿಕೊಂಡ, ನಾನು ಉಸಿರು ಬಿಗಿಹಿಡಿದೆ. ನಾಲ್ಕು ಸಲ ತಟ್ಟಿ ಅದನ್ನು ಮಲಗಿಸಿ, ಕಡ್ಡಿ ಬದಲಾಯಿಸಿದ. ಈ ಸಲ ಗುಂಡು ತಲೆಯದು. ಬಾಯಿಯಿಂದ ಸಿಗದ ಒಂದು ಮೂಲೆಗೆ ಟ್ಯಾಂಕು ಮಗುಚಿ, ಪೆಟ್ರೋಲ್ ಗೇಜಿನ ಫ್ಲೋಟು ಕೂರುವ ತೂತಿನಿಂದ ಇನ್ನೊಂದು ಕಡ್ಡಿ ಬಿಟ್ಟ. ಮಧ್ಯೆ ಫೋನು ಎರಡು ಸಲ ಹೊಡೆದುಕೊಂಡಿತು, ಎತ್ತಲಿಲ್ಲ.

ಒಂದೂಕಾಲು ಗಂಟೆಯ ಹೊತ್ತಿಗೆ ಗಂಟು ಬಿಚ್ಚಿಕೊಂಡಿತು. ಗೆರೆಗಳು ಒಂದೊಂದಾಗಿ ಬೇರೆಯಾಗಿ, ಭುಜದ ಮೇಲಿಂದ ಇಳಿದು ಸ್ಟಿಕ್ಕರಿನ ಪಟ್ಟೆ ಸೇರುವಲ್ಲಿಗೆ ಹೋದವು. ಒಂದೇ ಒಂದು ಗೆರೆ ಮಾತ್ರ ನಡುವಿನಲ್ಲಿ ತುಸು ನಡುಗಿದ ಹಾಗಿತ್ತು. ಬೆರಳಿಟ್ಟರೆ ಏನೂ ಸಿಗುವುದಿಲ್ಲ, ಕಣ್ಣಿಗೆ ಮಾತ್ರ. ‘ಇದೊಂದು?’ ಅಂದೆ.

‘ತೆಗೀಬಹುದು. ಇನ್ನು ನಾಲ್ಕು ಒತ್ತು. ಆದ್ರೆ ಇಪ್ಪತ್ತು ವರ್ಷದ ಪೇಂಟು ಸಾರ್, ಈಗಾಗ್ಲೇ ಸಾಕಷ್ಟು ಸಹಿಸ್ಕೊಂಡಿದೆ. ಐದನೇ ಒತ್ತಿಗೆ ಬಿರಿದ್ರೆ ನೀವೂ ನಾನೂ ಇಬ್ರೂ ಗುರಪ್ಪನಪಾಳ್ಯಕ್ಕೆ ಹೋಗ್ಬೇಕಾಗುತ್ತೆ.’ ದೀಪ ಹಾಕಿದ. ಟ್ಯೂಬ್‌ಲೈಟಿನ ಬೆಳಕಲ್ಲಿ ಆ ಗೆರೆಯೂ ಕಾಣಲಿಲ್ಲ.

ಎರಡು ಸಾವಿರ ಕೇಳಿದ. ಕೊಟ್ಟೆ. ಬೆಡ್‌ಶೀಟು ಸುತ್ತುವಾಗ, ‘ಹೊಸ ಬೈಕುಗಳು ಎಷ್ಟೋ ಬರ್ತಾ ಇವೆ, ಟ್ಯಾಂಕಿನ ಮೇಲೆ ಪ್ಲಾಸ್ಟಿಕ್ ಕವರು. ಒಡೆದ್ರೆ ಬಿಸಾಕಿ ಬೇರೆ ಹಾಕೋದೇ. ಎಲೆಕ್ಟ್ರಿಕ್ ಗಾಡಿಗೆ ಟ್ಯಾಂಕೇ ಇಲ್ಲ’ ಅಂದ. ಹಾಗಾದರೆ ಮುಂದೆ ಏನು ಮಾಡುತ್ತೀಯ ಅಂದದ್ದಕ್ಕೆ, ಕಾರಿನ ಬಾಗಿಲು ಎಲ್ಲಿಗೂ ಹೋಗಲ್ಲವಲ್ಲ ಎಂದು ನಕ್ಕ.

ಮನೆಗೆ ಬಂದು ಟ್ಯಾಂಕು ಕೂರಿಸಿ, ತಮ್ಮನ ಸ್ಕೂಟರಿನಿಂದ ಅರ್ಧ ಲೀಟರ್ ಸಾಲ ಪಡೆದು ಸ್ಟಾರ್ಟ್ ಮಾಡಿದೆ. ಅಮ್ಮ ಅಂಗೈಯಿಟ್ಟು ಸವರಿ, ಎಲ್ಲಿತ್ತು ಎಂದು ಕೇಳಿದರು. ತೋರಿಸಲು ಹೋದೆ, ನನಗೂ ಸರಿಯಾಗಿ ಸಿಗಲಿಲ್ಲ. ಪಕ್ಕದ ಮನೆಯವರು ಗೇಟಿನಿಂದಲೇ, ಮರ ಹತ್ತುವವನು ಭಾನುವಾರ ಬರುತ್ತಾನೆ, ಅಲ್ಲಿಯವರೆಗೆ ಗಾಡಿ ಆಚೆ ಬದಿ ನಿಲ್ಲಿಸಿಕೊಳ್ಳಿ ಅಂದರು. ಆಚೆ ಬದಿಯಲ್ಲಿ ಇರುವುದು ಹಲಸಿನ ಮರ.